ಅರ್ಥವಾಯಿತೆಂದು ತಲೆಯಾಡಿಸಿದ್ದು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಮಸ್ಕತ್ತಿಗೆ ಹೋಗಿ ಕಿವಿ ಕೇಳದ ಮಕ್ಕಳ ಶಾಲೆಯೊಂದರ ವ್ಯಾನು ಓಡಿಸಿದೆ. ಹಿಂದಿನ ಸೀಟುಗಳಲ್ಲಿ ಮಕ್ಕಳು ಕೈಯಲ್ಲೇ ಜಗಳವಾಡುತ್ತಿದ್ದರು, ಕೈಯಲ್ಲೇ ಚಾಡಿ ಹೇಳುತ್ತಿದ್ದರು. ಬೆಳಗಿನ ಮಬ್ಬಿನಲ್ಲಿ ನಾನು ಒಳಗಿನ ದೀಪ ಆರಿಸಿದರೆ ಎಲ್ಲರೂ ಸೇರಿ ಕಾಲಿನಿಂದ ವ್ಯಾನಿನ ನೆಲ ಗುದ್ದುತ್ತಿದ್ದರು. ಕತ್ತಲಾದರೆ ಅವರ ಮಾತು ನಿಂತುಹೋಗುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಕನ್ನಡಿಯಲ್ಲಿ ನೋಡಿ ನೋಡಿ ಒಂದಿಷ್ಟು ಸನ್ನೆ ಕಲಿತೆ. ನೀರು, ಮನೆ, ನಾಳೆ, ಹೊಟ್ಟೆನೋವು, ಟೀಚರಿಗೆ ಸಿಟ್ಟು. ನನ್ನ ವಿದ್ಯೆ ಅಷ್ಟೇ.

ಈಗ ಅಮೆರಿಕದಲ್ಲಿ, ಮಗಳ ಜೊತೆ ಮಿಲ್ಪಿಟಾಸ್ ಎಂಬ ಊರಿನಲ್ಲಿದ್ದೇನೆ. ಇಲ್ಲಿ ಯಾರ ಮನೆಗೆ ಹೋದರೂ, ನೀವು ಏನು ಕೆಲಸದಲ್ಲಿದ್ದಿರಿ ಎಂದು ಕೇಳುತ್ತಾರೆ. ಹತ್ತಿರದ ಸ್ಯಾನ್ ರಮೋನಿನಲ್ಲಿ ನಮ್ಮ ಕನ್ನಡದವರ ಮನೆಯಲ್ಲಿ ಒಂದು ಹಬ್ಬದೂಟ. ಸುತ್ತ ಡಾಕ್ಟರರು, ಎಂಜಿನಿಯರರು. “ಮಸ್ಕತ್ತಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿದ್ದೆ” ಎಂದೆ. ಡ್ರೈವರ್ ಎಂಬ ಒಂದು ಮಾತನ್ನು ಮಾತ್ರ ನುಂಗಿದೆ.

“ಓಹೋ, ಹಾಗಾದ್ರೆ ನೀವು ಮೇಷ್ಟ್ರು!” ಎಂದರು ಪಕ್ಕದವರು.

ನಾನು ಹೋಳಿಗೆ ಮುರಿದು ಬಾಯಿಗಿಟ್ಟೆ. ಮಗಳು ನನ್ನ ಮುಖ ನೋಡಿದಳು. ಅಲ್ಲಿಂದ ಎಲ್ಲರಿಗೂ, ಅಕ್ಕಪಕ್ಕದ ಮನೆಯವರಿಗೂ, ನಾನು ಮೇಷ್ಟ್ರಾದೆ.

ನಮ್ಮ ಮನೆಗೆ ಗೋಡೆ ಅಂಟಿಕೊಂಡೇ ಇರುವ ಪಕ್ಕದ ಟೌನ್‌ಹೌಸಿನಲ್ಲಿ ಯೆಮೆನ್ ದೇಶದ ಒಂದು ಸಂಸಾರವಿದೆ. ಆ ಮನೆಯ ಹಿರಿಯ ನನ್ನ ವಯಸ್ಸಿನವನು. ಹುಟ್ಟಿನಿಂದಲೇ ಕಿವಿ ಕೇಳದು. ಶಾಲೆಯ ಮುಖ ಕಂಡವನಲ್ಲ. ಮಗ ಟ್ರಕ್ಕು ಓಡಿಸುತ್ತ ವಾರಗಟ್ಟಲೆ ಹೊರಗಿರುತ್ತಾನೆ. ಸೊಸೆ ಹೊಸದಾಗಿ ಬಂದವಳು, ಊಟ ಮಾಡಿ, ಮಲಗಿ ಎಂಬಷ್ಟು ಸನ್ನೆ ಮಾಡಬಲ್ಲಳು. ಅರಬ್ಬರ ನಾಡಿನ ಕಿವುಡರಿಗೆಲ್ಲ ಒಂದೇ ಸನ್ನೆ ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಅವನ ಸನ್ನೆ ಅರ್ಧ ಅವನ ಊರಿನದು, ಅರ್ಧ ಅವನ ತಾಯಿಯ ಅಡುಗೆಮನೆಯದು. ಸಂಜೆ ನಾವಿಬ್ಬರೂ ಪಾರ್ಕಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಅವನು ಕೈ ಆಡಿಸಿ ಆಡಿಸಿ ದೊಡ್ಡ ಕಥೆ ಹೇಳುತ್ತಿದ್ದ; ನನಗೆ ಅಲ್ಲೊಂದು ಇಲ್ಲೊಂದು ತಿಳಿಯುತ್ತಿತ್ತು. ಉಳಿದದ್ದಕ್ಕೆಲ್ಲ ತಲೆಯಾಡಿಸಿ ನಗುತ್ತಿದ್ದೆ. ಅದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಆ ಸೊಸೆ ಫೋನು ಮಾಡಿದಳು. ಮಾವನಿಗೆ ಪಿತ್ತಕೋಶದಲ್ಲಿ ಕಲ್ಲು, ಮರುದಿನ ಆಪರೇಷನ್, ಗಂಡ ಫೋನಿಗೆ ಸಿಗುತ್ತಿಲ್ಲ, ಅಂಕಲ್ ದಯವಿಟ್ಟು ಆಸ್ಪತ್ರೆಗೆ ಬನ್ನಿ ಎಂದಳು. ಹೋದೆ. ಆಸ್ಪತ್ರೆಯವರು ಮಂಚದ ಪಕ್ಕ ಟೀವಿಯಂಥ ಒಂದು ವಿಡಿಯೊ ಪರದೆ ತಂದಿಟ್ಟಿದ್ದರು. ಅದರೊಳಗೆ ಒಬ್ಬ ಹೆಂಗಸು ಅಮೆರಿಕದ ಸನ್ನೆ ಮಾಡುತ್ತಿದ್ದಳು. ಅವನಿಗೆ ಏನೂ ತಿಳಿಯದೆ ನನ್ನ ಕಡೆ ನೋಡಿದ.

“ಬೇರೆ ದುಭಾಷಿಯನ್ನು ಕರೆಸಬೇಕು, ತಡವಾಗುತ್ತದೆ. ನಿಮಗೆ ಇವರ ಸನ್ನೆ ಬರುತ್ತದೆಯೇ?” ಎಂದು ಡಾಕ್ಟರು ಕೇಳಿದರು.

“ಅಂಕಲ್ ಟೀಚರ್ ಆಗಿದ್ದವರು” ಎಂದಳು ಸೊಸೆ. ನಾನು ಹೌದೆಂದೆ.

ಹಿಂದೆ ಯಾವುದಾದರೂ ಔಷಧಿಯಿಂದ ತೊಂದರೆ ಆಗಿತ್ತೇ ಎಂದು ಕೇಳಲು ಹೇಳಿದರು. ನಾನು ಮಾತ್ರೆ ನುಂಗುವಂತೆ ತೋರಿಸಿದೆ, ಹೊಟ್ಟೆ ಹಿಡಿದುಕೊಂಡೆ. ಅವನು ತಟ್ಟನೆ ಎದ್ದು ಕೂತ. ತೋಳು ಚಿವುಟಿದ, ಗಂಟಲು ಹಿಡಿದ, ಕಣ್ಣು ಮೇಲೆ ಮಾಡಿದ, ದೂರಕ್ಕೆ ಬೊಟ್ಟು ಮಾಡಿದ. ಮತ್ತೆ ಮೊದಲಿನಿಂದ ಅದನ್ನೇ ಮಾಡಿದ. ನನ್ನ ಅಂಗಿಯ ತೋಳು ಹಿಡಿದು ಮುಖವನ್ನೇ ನೋಡಿದ. ನನಗೆ ಅರ್ಥವಾಗಿರಲಿಲ್ಲ, ಅರ್ಥವಾಗಿಲ್ಲ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಬೆಂಚಿನ ಮೇಲೆ ಆಡಿಸುವಂತೆಯೇ ತಲೆಯಾಡಿಸಿದೆ. ಅವನು ಉಸಿರು ಬಿಟ್ಟು, ಹಗುರಾದವನಂತೆ ಮಲಗಿದ.

“ಏನಂದರು?” ಎಂದರು ಡಾಕ್ಟರು.

“ಏನೂ ತೊಂದರೆ ಇಲ್ಲವಂತೆ.”

ಸಂಜೆ ಮಗಳು ಕಾರಿನಲ್ಲಿ ಕರೆದುಕೊಂಡು ಹೊರಟಳು. ಫ್ರೀವೇ ಸೇರುವ ಹೊತ್ತಿಗೆ ನಾನು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದೆ. ಅವನು ಗಂಟಲು ಹಿಡಿದದ್ದೇ ಕಣ್ಣ ಮುಂದೆ.

“ಯಾಕಪ್ಪ, ಚಳಿನಾ? ಏಸಿ ಕಡಿಮೆ ಮಾಡ್ಲಾ?”

“ಅವನು ಏನೋ ಹೇಳಿದ. ನಂಗೆ ಗೊತ್ತಾಗ್ಲಿಲ್ಲ.”

“ಗೊತ್ತಾಗ್ಲಿಲ್ಲ ಅಂದ್ರೆ? ಡಾಕ್ಟರಿಗೆ ಏನಂದೆ?”

“ತೊಂದ್ರೆ ಇಲ್ಲ ಅಂದೆ.”

ಅವಳು ಮುಂದಿನ ಎಕ್ಸಿಟಿನಲ್ಲಿ ಹೆದ್ದಾರಿ ಬಿಟ್ಟು ಯಾವುದೋ ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು.

“ವ್ಯಾನ್ ಓಡಿಸ್ತಿದ್ದೆ ಅನ್ನೋಕೆ ಏನಪ್ಪ ನಾಚಿಕೆ ನಿಂಗೆ? ಅದ್ರಲ್ಲೇ ಅಲ್ವಾ ನನ್ನ ಓದ್ಸಿದ್ದು? ಅವತ್ತು ಪಾರ್ಟೀಲಿ ನಾನೇ ಹೇಳ್ಬೇಕಿತ್ತು.”

“ಪೊಲೀಸು ಗಿಲೀಸು ಬರ್ತಾರಾ? ನನ್ನ ವಾಪಸ್ ಕಳಿಸ್ತಾರಾ?”

“ಅವ್ರಿಗೆ ಏನಾದ್ರೂ ಆದ್ರೆ ಆಮೇಲೆ ನೀನು ಎಲ್ಲಿದ್ರೂ ಒಂದೇ. ಬೆಲ್ಟ್ ಹಾಕ್ಕೋ. ವಾಪಸ್ ಹೋಗೋಣ.”

ಆ ದಾರಿಯುದ್ದಕ್ಕೂ ನನಗೆ ಎರಡು ಹೆದರಿಕೆ. ಅವನು ಸತ್ತರೆ ಎಂಬುದು ಒಂದು. ಏನೂ ಆಗದೆ, ನಾನು ಸುಮ್ಮನೆ ಬಾಯಿಬಿಟ್ಟು ಮರ್ಯಾದೆ ಕಳೆದುಕೊಂಡರೆ ಎಂಬುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದಾಗಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಾನು ಮೇಷ್ಟ್ರಲ್ಲ, ಅವನ ಸನ್ನೆ ನನಗೆ ತಿಳಿಯಲಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಅವರು ಬಯ್ಯಲಿಲ್ಲ. ಕೇಳಿಸಿಕೊಂಡು, ಆಪರೇಷನ್ ಮುಂದಕ್ಕೆ ಹಾಕಿದರು.

ಮರುದಿನ ಆಸ್ಪತ್ರೆಯವರು ಕರೆಸಿದ ದುಭಾಷಿ, ಪಕ್ಕದೂರು ಫ್ರೀಮಾಂಟಿನಿಂದ ಒಬ್ಬ ಹೆಂಗಸು ಬಂದಳು. ಅವಳಿಗೂ ಕಿವಿ ಕೇಳದು. ಅವಳ ಸನ್ನೆಯನ್ನು ಇಂಗ್ಲಿಷಿಗೆ ಹೇಳಲು ಜೊತೆಗೊಬ್ಬ ಗಂಡಸಿದ್ದ. ಅವಳಿಗೆ ಯೆಮೆನಿನ ಸನ್ನೆ ಬರುತ್ತಿರಲಿಲ್ಲ; ಬರುವುದಿಲ್ಲ ಎಂದು ಮೊದಲೇ ಅವನಿಗೆ ತೋರಿಸಿದಳು. ಆಮೇಲೆ ಚಿತ್ರ ಬರೆದಳು, ನಟಿಸಿದಳು. ಅವನು ಹೇಳಿದ್ದನ್ನು ತಾನು ಮಾಡಿ ತೋರಿಸಿ, ಹೀಗೇನಾ ಎಂದು ಕೇಳಿದಳು. ಅವನು ಅಲ್ಲ ಎಂದಾಗಲೆಲ್ಲ ಮತ್ತೆ ಶುರು ಮಾಡಿದಳು. ಬೆಳಗಿನ ಹೊತ್ತೆಲ್ಲ ಅದರಲ್ಲೇ ಹೋಯಿತು. ಕೊನೆಗೆ ತಿಳಿದದ್ದು ಇಷ್ಟು: ಊರಿನಲ್ಲಿ ಒಮ್ಮೆ ಗಾಯಕ್ಕೆ ಕೊಟ್ಟ ಇಂಜೆಕ್ಷನ್ನಿನಿಂದ ಅವನ ಗಂಟಲು ಕಟ್ಟಿ, ಉಸಿರು ನಿಂತು, ಸತ್ತನೆಂದೇ ಮನೆಯವರು ಅತ್ತಿದ್ದರು. ಇಲ್ಲಿ ಕೊಡಲಿದ್ದದ್ದೂ ಅದೇ ಜಾತಿಯ ಔಷಧಿ ಇರಬಹುದು, ಬೇರೆಯದು ಕೊಡುತ್ತೇವೆ ಎಂದರು ಡಾಕ್ಟರು. 

ನನಗೆ ನಿನ್ನೆ ಅರ್ಥವಾಗಿರಲಿಲ್ಲ ಎಂದು ಅವನಿಗೆ ಹೇಳಿ ಎಂದು ಆ ಹೆಂಗಸನ್ನು ಬೇಡಿಕೊಂಡೆ. ನೀವೇ ಹೇಳಿ ಎಂದು ಅವಳು ಜೊತೆಗಿದ್ದವನ ಬಾಯಲ್ಲಿ ಹೇಳಿಸಿದಳು. ನಾನು ಮಂಚದ ಹತ್ತಿರ ಹೋಗಿ, ಅವನ ಕೈ ತೋರಿಸಿ, ನನ್ನ ಕಣ್ಣು ತೋರಿಸಿ, ಇಲ್ಲವೆಂದು ಕೈ ಬೀಸಿದೆ.  ಅವನು ಕಿಟಕಿಯಾಚೆ ಬೊಟ್ಟು ಮಾಡಿ, ಎರಡು ಬೆರಳನ್ನು ಪಕ್ಕಪಕ್ಕ ಕೂರಿಸಿ ತೋರಿಸಿದ. ಪಾರ್ಕಿನ ಬೆಂಚಿನ ಮೇಲೆ ನಾನು ತಲೆಯಾಡಿಸಿದ್ದೂ ಹೀಗೆ ಸುಳ್ಳೇ ಎಂದು ಕೇಳುತ್ತಿದ್ದ. ಇದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು. ಹೌದೆಂದೆ.

ಅವನು ಕಣ್ಣು ಮುಚ್ಚಿಕೊಂಡ. ಬೆನ್ನು ತಿರುಗಿಸಿದವರನ್ನು ಕೂಗಿ ಕರೆಯಬಹುದು. ಕಣ್ಣು ಮುಚ್ಚಿದ ಅವನನ್ನು ಕರೆಯಲು ದಾರಿಯಿರಲಿಲ್ಲ. ಭುಜ ಮುಟ್ಟಬೇಕೆಂದು ಕೈ ಚಾಚಿದೆ. ಧೈರ್ಯ ಬರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅವನು ಮನೆಗೆ ಬಂದಿದ್ದಾನೆ, ಗೋಡೆಯಾಚೆಯೇ ಇದ್ದಾನೆ. ನೋಡಲು ಇನ್ನೂ ಹೋಗಿಲ್ಲ. ಅವನು ಬಾಗಿಲು ತೆರೆದು, ನನ್ನನ್ನು ಕಂಡು, ಮತ್ತೆ ಕಣ್ಣು ಮುಚ್ಚಿಬಿಟ್ಟರೆ ಎಂದು ಹೆದರಿಕೆ.