ಕಂಬಳಿ ಮುಟ್ಟಿದ ಸಾಹೇಬರು

ಆಗೆಲ್ಲ ನಮ್ಮೂರಿಗೆ ಜೀಪು ಬಂತೆಂದರೆ ಮೊದಲು ನಾಯಿ ಬೊಗಳುತ್ತಿತ್ತು, ಆಮೇಲೆ ನಮ್ಮಜ್ಜ. ತೊಂಬತ್ತರ ದಶಕದ ಕೊನೆ. ತಳಕು ಎಂಬ ಹೋಬಳಿ ಊರಿನಿಂದ ಒಳಕ್ಕಿರುವ ಸಣ್ಣ ಊರು ನಮ್ಮದು. ಶೇಂಗಾ ಬಿತ್ತಲು ಮಳೆ ಕಾಯುತ್ತಿದ್ದ ದಿನಗಳಲ್ಲಿ ಜಲಾನಯನ ಇಲಾಖೆಯ ಸಾಹೇಬರೊಬ್ಬರು ಬಂದು ಊರ ಕಟ್ಟೆಯ ಮೇಲೆ ನಕ್ಷೆ ಹಾಸಿದರು. ಬೋಳುಗುಡ್ಡಕ್ಕೆ ಅಡ್ಡಡ್ಡ ಕಂದಕ, ಹಳ್ಳಕ್ಕೆ ಚೆಕ್‌ಡ್ಯಾಂ, ಮೇಲೆಲ್ಲ ಹೊಂಗೆ, ಬೇವು, ಸೀತಾಫಲ. ಕೂಲಿ ಸರ್ಕಾರದ್ದು. ಆದರೆ ಗಿಡ ದೊಡ್ಡದಾಗುವವರೆಗೆ ಗುಡ್ಡಕ್ಕೆ ಕುರಿ ಬಿಡುವಂತಿಲ್ಲ. ಬಾವಿಗೆ ನೀರು ಬಂದರೆ ಬೆಳೆ, ಬೆಳೆ ಬಂದರೆ ಪೇಟೆ, ಹೀಗೆ ಇಡೀ ಸೀಮೆ ಮೇಲೇಳುತ್ತದೆ ಎಂದರು.

ಊರಿನಲ್ಲಿ ದೊಡ್ಡ ಕುರಿಮಂದೆ ಅಜ್ಜನದೇ. ಅವನು ಒಪ್ಪದೆ ಬೇರೆಯವರು ಒಪ್ಪುವಂತಿರಲಿಲ್ಲ.

“ನಮ್ಮ ಗುಡ್ಡಕ್ಕೆ ನಾವು ಗಿಡ ನೆಟ್ರೆ ನಮಗೇ ಕೂಲಿಯಂತೆ. ಇಲಿಬೋನಿಗೆ ಕೊಬ್ರಿ ಇಟ್ಟಂಗೈತೆ” ಎಂದ ಅಜ್ಜ.

“ಇಲಿಗಾದ್ರೂ ಕೊಬ್ರಿ ಸಿಗ್ತೈತೆ ಮಾವ, ನಮ್ಮ ಬಾವಿಯಾಗೆ ಕೊಡ ಮುಳುಗಲ್ಲ” ಎಂದಳು ಅವ್ವ, ರೊಟ್ಟಿ ತಟ್ಟುತ್ತಲೇ.

ಮರುದಿನ ಅಜ್ಜ ತನ್ನ ಕರಿಕಂಬಳಿ ತಂದು ಸಾಹೇಬರ ಮುಂದೆ ಹಾಸಿದ. “ಗುಡ್ಡ ಊರಿಂದೇ ಆಗಿರ್ತೈತೆ ಅಂತ ಇದನ್ನ ಮುಟ್ಟಿ ಹೇಳ್ರಿ.” ಕಂಬಳಿ ಮುಟ್ಟಿ ಸುಳ್ಳಾಡಿದವನ ಮನೆ ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಸಾಹೇಬರು ನಗುತ್ತಾ ಬಗ್ಗಿ, ಮುಟ್ಟಿ, ಹೇಳಿಯೇಬಿಟ್ಟರು. ಅಜ್ಜ ಒಪ್ಪಬೇಕಾಯಿತು.

ಮನೆಗೆ ಬಂದವನ ಮುಖ ಇನ್ನೂ ಗಂಟಿಕ್ಕಿತ್ತು. ಜೊತೆಗೇ ಬಂದ ನನಗೆ ಹೇಳಿದ: “ನೋಡ್ದೇನ್ಲೇ? ಕೇಳಿದ ತಕ್ಷಣ ಮುಟ್ಟಿಬಿಟ್ಟ. ಕುರಿ ಕೊಳ್ಳೋನೂ ಒಂದ್ಸಲ ಹಲ್ಲು ನೋಡ್ತಾನೆ.”

ಅವನ ಲೆಕ್ಕ ಬೇರೆಯೇ ಇತ್ತು. ಗಿಡ ಒಣಗಿದರೆ ‘ನಿಮ್ಮ ಕೈಲಾಗಲಿಲ್ಲ’ ಎಂದು ಸರ್ಕಾರದವರು ಬೇಲಿ ಹಾಕಿ ಗುಡ್ಡ ನುಂಗುತ್ತಾರೆ. ಆದ್ದರಿಂದ ಒಂದು ಗಿಡವೂ ಒಣಗಕೂಡದು. ಮಂದೆಯನ್ನು ಅಪ್ಪನ ಜೊತೆ ಪರಶುರಾಂಪುರದ ಕಡೆ ಮೇವಿಗೆ ಅಟ್ಟಿ, ತಾನು ಗುಡ್ಡದ ಬುಡದಲ್ಲಿ ಕೋಲು ಹಿಡಿದು ಕೂತ. ಮಧ್ಯಾಹ್ನ ನಾನು ರೊಟ್ಟಿ, ಹುರುಳಿಕಾಳಿನ ಪಲ್ಯ ಒಯ್ಯುತ್ತಿದ್ದೆ. ಯಾರ ಕುರಿ ಬಂದರೂ ಅಟ್ಟುತ್ತಿದ್ದ. ಒಮ್ಮೆ ಸಾಹೇಬರನ್ನೂ ತಡೆದ.

“ಯಾಕ್ರಿ ಬಂದ್ರಿ?”

“ಗಿಡ ನೋಡೋಕೆ ಅಜ್ಜಾರೆ.”

“ಅಲ್ಲಿಂದ್ಲೇ ನೋಡ್ರಿ, ಕಾಣ್ತಾವೆ.”

ಮಳೆ ಬಂತು. ಅಗೆದ ಕೆಮ್ಮಣ್ಣಿನ ವಾಸನೆ, ಕಂದಕಗಳಲ್ಲಿ ಕಪ್ಪೆಗಳ ಗದ್ದಲ. ಕಳ್ಳ-ಪೊಲೀಸ್ ಆಡುತ್ತಾ ನಾವು ಅವುಗಳಲ್ಲೇ ಅಡಗುತ್ತಿದ್ದೆವು. ಒಂದೆರಡು ವರ್ಷಕ್ಕೆ ಗುಡ್ಡದಲ್ಲಿ ಮೊಣಕಾಲುದ್ದ ಹುಲ್ಲು. ಬಾವಿಗಳಿಗೆ ಮೋಟರು ಬಂದವು. ತಳಕಿನಿಂದ ರಿಪೇರಿಗೆ ಬರುತ್ತಿದ್ದ ರಸೂಲಣ್ಣ, “ನಿಮ್ಮೂರಾಗೆ ನೀರು ಬಂತು, ನಮ್ಮ ಮನ್ಯಾಗೆ ಬಿರಿಯಾನಿ ಬಂತು” ಎಂದು ನಗುತ್ತಿದ್ದ. ಅಜ್ಜ ಮಾತ್ರ ನಗಲಿಲ್ಲ, ಕೋಲೂ ಬಿಡಲಿಲ್ಲ.

ಇದರಲ್ಲಿ ಎಷ್ಟು ನಿಜ? ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವಾಗ, ನೆಲ-ನೀರಿಗೆ ಹಾಕಿದ ಸರ್ಕಾರದ ದುಡ್ಡು ಸೀಮೆಯನ್ನೇ ಬೆಳೆಸುತ್ತದೆ ಎಂಬ ಪಾಠ ಬಂದಾಗಲೆಲ್ಲ ನನಗೆ ಆ ಗುಡ್ಡ ನೆನಪಾಗುತ್ತಿತ್ತು, ಜೊತೆಗೇ ಅನುಮಾನವೂ ಆಗುತ್ತಿತ್ತು. ಆ ವರ್ಷಗಳಲ್ಲಿ ಮಳೆಯೇ ಚೆನ್ನಾಗಿ ಆಗಿತ್ತೇನೋ. ಹುಲ್ಲು ಮೊಣಕಾಲುದ್ದವಿತ್ತೋ, ನನ್ನ ಕಾಲೇ ಗಿಡ್ಡವಿತ್ತೋ. ಅನುಮಾನಿಸುವವನೊಬ್ಬ ಬುಡದಲ್ಲಿ ಕೂತಿದ್ದರಿಂದಲೇ ಗಿಡ ಉಳಿದವೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅಜ್ಜ ಹೋದ ಎಷ್ಟೋ ವರ್ಷಗಳ ಮೇಲೆ ಬೇರೆ ಯಾರೋ ಕಾರಿನಲ್ಲಿ ಬಂದರು. ಊರು ಉದ್ಧಾರವಾಗುತ್ತದೆ ಎಂದರು. ಯಾರೂ ಏನೂ ಕೇಳಲಿಲ್ಲ; ಕಟ್ಟೆಯ ಮೇಲೆ ಟೀ ಕುಡಿದು ಊರವರೆಲ್ಲ ತಲೆಯಾಡಿಸಿದರಂತೆ. ಈಗ ಅಲ್ಲಿ ಜಲ್ಲಿ ಕ್ರಷರ್. ಅರ್ಧ ಗುಡ್ಡವಿಲ್ಲ. ಚೆಕ್‌ಡ್ಯಾಮಿನ ತುಂಬ ಬೂದುಬಣ್ಣದ ಕಲ್ಲಿನ ಪುಡಿ. ಸೀತಾಫಲದ ಗಿಡಗಳು ಎಲ್ಲಿದ್ದವೆಂದು ಗುರುತಿಸಲೂ ನನಗೆ ಆಗಲಿಲ್ಲ.

ಹೋದ ಸಲ ಊರಿಗೆ ಹೋದಾಗ ಅವ್ವ ಆ ಕಂಬಳಿಯನ್ನು ಬಿಸಿಲಿಗೆ ಹಾಕಿದ್ದಳು.

“ನಿಮ್ಮಜ್ಜ ಇದ್ದಿದ್ರೆ ಇದನ್ನ ಹಾಸ್ತಿದ್ರು” ಎಂದಳು.

“ಹಾಸಿದ್ರೆ ಏನಾಗ್ತಿತ್ತವ್ವ? ಕಾರಿನೋರೂ ಮುಟ್ಟೇ ಮುಟ್ತಿದ್ರು.”

“ಮುಟ್ತಿದ್ರು ಕಣೋ,” ಅವ್ವ ಕಂಬಳಿಯ ಧೂಳು ಕೊಡವಿದಳು. “ಆಮೇಲೆ ನಿಮ್ಮಜ್ಜ ಹೋಗಿ ಗುಡ್ಡ ಕಾಯ್ತಾ ಕೂರ್ತಿದ್ರು.”