ಶೀತಲ್‌ಳ ಕಡ್ಡಿಸಾಲು

ಶೀತಲ್ ಹಟಮಾರಿ. ಈ ಮಾತನ್ನು ಅವಳ ಅವ್ವ ಹಾಲವ್ವ ಹೆಮ್ಮೆಯಿಂದ ಹೇಳುತ್ತಾಳೆ. ಮುಂಬೈಯ ಪವಾಯಿಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಅವಳ ಪಿಎಚ್‌ಡಿ ನೋಡಿಕೊಳ್ಳುವ ಮೇಡಂ ತಲೆ ಚಚ್ಚಿಕೊಂಡು ಹೇಳುತ್ತಾರೆ. ಯಾದಗಿರಿ ಕಡೆಯಿಂದ ಬಂದ ಹಾಲವ್ವ ಜೋಗೇಶ್ವರಿಯ ಚಾಳಿನ ಒಂದೇ ಕೋಣೆಯಲ್ಲಿ ಮಗಳನ್ನು ಬೆಳೆಸಿದವಳು. ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುತ್ತಾಳೆ. ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ, “ಮಷಿನ್‌ಗೋಳ ಜಗಳ ಬಿಡಸ್ತಾಳ” ಅನ್ನುತ್ತಾಳೆ.

ಸುಳ್ಳೇನಲ್ಲ. ದೂರದೂರದ ಕಂಪ್ಯೂಟರುಗಳು ಸಂದೇಶ ಕಳಿಸಿಕೊಂಡು ಒಂದೇ ತೀರ್ಮಾನಕ್ಕೆ ಬರಬೇಕು. ಸಂದೇಶ ದಾರಿಯಲ್ಲಿ ಕಳೆದುಹೋದರೂ ಒಮ್ಮತಕ್ಕೆ ಬರಬೇಕು. ಅಂಥ ಪ್ರೋಗ್ರಾಂ ಬರೆದೇ ತೀರುತ್ತೇನೆಂದು ಶೀತಲ್ ಪಟ್ಟು ಹಿಡಿದು ವರ್ಷವಾಗಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತಿತ್ತು. ಮೊದಲು ಏನೇನಾಗಬಹುದೋ ಅಷ್ಟನ್ನೂ ಚಿತ್ರವಾಗಿ ಬಿಡಿಸಿ ಅದರ ಆಕಾರ ನೋಡು ಎಂದು ಮೇಡಂ ಹೇಳಿ ಹೇಳಿ ಸೋತಿದ್ದರು. ಇವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಸಮಿತಿಯ ಮುಂದೆ ಸೆಮಿನಾರಿಗೆ ಎಂಟೇ ದಿನ. ಅಲ್ಲಿ ಎಡವಿದರೆ ಪಿಎಚ್‌ಡಿಯೇ ರದ್ದು.

ಸೆಮಿನಾರಿಗೆಂದು ಒಂದು ಒಳ್ಳೆಯ ಸೀರೆ ಕೊಡಿಸಬೇಕೆಂದು ಹಾಲವ್ವನ ಆಸೆ. ಭಾನುವಾರ ಹೋಟೆಲಿನವರು ಬೇಗ ಬಿಟ್ಟರೆ ಫೋನ್ ಮಾಡುತ್ತೇನೆ, ಅಂಧೇರಿ ಸ್ಟೇಷನ್ನಿನ ಬ್ರಿಜ್ ಮೇಲೆ ಸಿಗೋಣ, ಇಲ್ಲವಾದರೆ ಸೀದಾ ಮನೆಗೆ ಎಂದು ಮಾತಾಗಿತ್ತು. ಮಧ್ಯಾಹ್ನ ಫೋನ್ ಬಂತು. ಗದ್ದಲದಲ್ಲಿ ಏನೂ ಕೇಳಲಿಲ್ಲ, ಅವ್ವನ ಕೊನೆಯ ಮಾತೊಂದು ಮಾತ್ರ ಕಿವಿಗೆ ಬಿತ್ತು. “ಬರ್ತೀನವ್ವ.” ಅಷ್ಟಕ್ಕೇ ಫೋನ್ ಕಟ್ಟಾಯಿತು.

ಶೀತಲ್ ಎರಡು ತಾಸು ಬ್ರಿಜ್ ಮೇಲೆ ಜನರ ಮೊಣಕೈ ತಿಂದಳು. ಸಿಟ್ಟಿನಿಂದ ಕುದಿಯುತ್ತ ಮನೆಗೆ ಹೋದರೆ, ಅವ್ವ ಆಗಲೇ ಬಂದು ಒಲೆ ಹಚ್ಚುತ್ತಿದ್ದಳು.

“ಅವ್ವಾ, ನೀ ಬರ್ತೀನಿ ಅಂದೀ ನಾ? ತೋ ನಾ ಅಲ್ಲೇ ವೇಟ್ ಮಾಡ್ದೆ!”

“ಮಾಲಕ ಬಿಡವಲ್ಲ, ಇವತ್ತ ಆಗಂಗಿಲ್ಲ, ಬರ್ತೀನಿ ಅಂದೆ. ಫೋನ್ ಇಡೂಮುಂದ ಹೋಗ್ತೀನಿ ಅಂತಾರೇನ? ಕನ್ನಡದ ಮಗಳು, ಇಷ್ಟೂ ತಿಳೀಲಿಲ್ಲೇನ ನಿಂಗ?”

ಮುಂಬೈಯಲ್ಲಿ ಹಿಂದಿಯಲ್ಲೇ ಬೆಳೆದ ಶೀತಲ್‌ಗೆ ಬರ್ತೀನಿ ಅಂದರೆ ಬರುತ್ತೇನೆ, ಅಷ್ಟೇ. “ನಾ ಕೇಳ್ದೆನೋ ಇಲ್ಲೋ, ಮತ್ತೆ ಫೋನ್ ಮಾಡಿ ಕನ್ಫರ್ಮ್ ಮಾಡ್ಬೇಕಲ್ಲ?”

“ನಾ ಮಾಡಿದ್ದು ನಿಂಗ ಮುಟ್ಟಿತು ಅಂತ ತಿಳೀಲಾಕ ನೀ ಮಾಡಬೇಕು. ನಿಂದು ನಂಗ ಮುಟ್ಟಿತು ಅಂತ ತಿಳೀಲಾಕ ಮತ್ತ ನಾ. ಜಲ್ಮೆಲ್ಲ ಫೋನ್ ಹಚ್ಕೋತ ಕೂಡೂದೇನು?”

ಶೀತಲ್ ಪುಸ್ತಕದಲ್ಲಿ ಹತ್ತು ಸಲ ಓದಿದ್ದ ಮಾತಿದು. ತನ್ನ ಪ್ರೋಗ್ರಾಮಿನ ಮೈಗೂ ಇದೇ ರೋಗ ಅಂಟಿರಬಹುದೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವ್ವನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡು, ಕಡ್ಡಿಗಳನ್ನು ನೆಲದ ಮೇಲೆ ತುದಿಗೆ ತುದಿ ಕೂಡಿಸಿ ಸಾಲಾಗಿ ಇಟ್ಟಳು.

ಒಂದೊಂದು ಕಡ್ಡಿ ಒಂದೊಂದು ಬಗೆಯ ದಿನ. ಮೊದಲನೆಯದು, ಯಾವ ಫೋನೂ ಮುಟ್ಟದ ದಿನ. ಎರಡನೆಯದು, ಅವ್ವನದು ಮುಟ್ಟಿ ಮಗಳ ಉತ್ತರ ಮುಟ್ಟದ ದಿನ. ಮೂರನೆಯದರಲ್ಲಿ ಉತ್ತರವೂ ಮುಟ್ಟಿತು. ಹೀಗೇ ಮುಂದಕ್ಕೆ. ಕಡ್ಡಿಯ ಒಂದು ತುದಿ ಅವ್ವ, ಇನ್ನೊಂದು ತುದಿ ಮಗಳು; ಅವ್ವನ ತುದಿಗೆ ಅವ್ವನದೇ, ಮಗಳ ತುದಿಗೆ ಮಗಳದೇ ಕೂಡುತ್ತದೆ. ಎರಡು ಕಡ್ಡಿ ಕೂಡುವಲ್ಲಿ ನಿಂತವರಿಗೆ, ಉತ್ತರ ಬಾರದ ಅವ್ವನಿಗೆ ಆಗುವಂತೆ, ಇವತ್ತು ಯಾವ ಕಡ್ಡಿಯ ದಿನ ಎಂದು ಗೊತ್ತಾಗುವುದಿಲ್ಲ, ಹಾಗಾಗಿ ಎರಡಕ್ಕೂ ಒಂದೇ ತೀರ್ಮಾನ ಮಾಡಬೇಕು. ಯಾವ ಫೋನೂ ಮುಟ್ಟದ ಸಾಲಿನ ಈ ಕೊನೆಗೆ ಇಬ್ಬರೂ ಮನೆ, ಎಲ್ಲವೂ ಮುಟ್ಟಿದ ಆ ಕೊನೆಗೆ ಇಬ್ಬರೂ ಬ್ರಿಜ್. ನಡುವೆ ಎಲ್ಲೋ ಒಂದು ಕಡ್ಡಿಯ ಮೇಲೆ ಒಬ್ಬರು ಮನೆ, ಒಬ್ಬರು ಬ್ರಿಜ್ ಆಗಲೇಬೇಕು. ಸಾಲು ಎಲ್ಲಾದರೂ ಕಡಿದಿದ್ದರೆ ಮಾತ್ರ ಪಾರು.

ಹಾಲವ್ವ ಬಗ್ಗಿ ನೋಡಿದಳು. “ಎಲ್ಲಾ ಕಡ್ಡಿಗೂ ಬ್ರಿಜ್ಜೇ ಅಂದ್ರ? ಫೋನ್ ಬರ್ಲಿ, ಬಿಡ್ಲಿ?”

“ಅದು ಚೀಟಿಂಗ್ ಅವ್ವಾ. ಫೋನ್ ಯಾಕೆ ಬೇಕು ಮತ್ತೆ?” ಎಂದು ಶೀತಲ್ ನಕ್ಕಳು.

ಮರುದಿನದಿಂದ ಪ್ರೋಗ್ರಾಮನ್ನು ಬದಿಗೆ ತಳ್ಳಿ ಚಿತ್ರಕ್ಕೆ ಕೂತಳು. ಅವಳ ಲೆಕ್ಕದಲ್ಲಿ ಮೂರು ಕಂಪ್ಯೂಟರು, ಹಾಗಾಗಿ ಕಡ್ಡಿಯ ಬದಲು ತ್ರಿಕೋನ. ತ್ರಿಕೋನಕ್ಕೆ ತ್ರಿಕೋನ ಹೊಲಿದಂತೆ ಹಾಳೆಗಟ್ಟಲೆ ಬಿಡಿಸಿ, ಪ್ರೋಗ್ರಾಂ ಪಾರಾಗಬಲ್ಲ ಒಂದು ಬಿರುಕಿಗಾಗಿ ಹುಡುಕಿದಳು. ಆರನೆಯ ದಿನಕ್ಕೆ ಖಚಿತವಾಯಿತು, ಬಿರುಕಿಲ್ಲ. ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತಲ್ಲ ಎಂದು ಲೈಬ್ರರಿಯಲ್ಲೇ ಅತ್ತಳು. ಅತ್ತು, ಮುಖ ತೊಳೆದು, ಬಿರುಕು ಯಾಕಿಲ್ಲ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಬರೆಯತೊಡಗಿದಳು.

ಸೆಮಿನಾರಿಗೆ ಹಳೆಯ ಚೂಡಿದಾರದಲ್ಲೇ ಹೋದಳು. ಸಮಿತಿಯ ಸೋಮನಾಥ ಸರ್ ಕನ್ನಡಕ ಇಳಿಸಿ ಕೇಳಿದರು, “ಎಲ್ಲಿ ನಿಮ್ಮ ಪ್ರೋಗ್ರಾಂ?”

“ಇಲ್ಲ ಸರ್. ನಾನಲ್ಲ, ಯಾರು ಬರೆದರೂ ಇರೋದಿಲ್ಲ. ಯಾಕೆ ಅಂತ ತೋರಿಸ್ತೀನಿ.”

ಎರಡು ತಾಸು ಜಾಲಾಡಿದರು. ಶೀತಲ್ ಜಗ್ಗಲಿಲ್ಲ. ಕೊನೆಗೆ ಸೋಮನಾಥ ಸರ್ ಮೇಡಂ ಕಡೆ ತಿರುಗಿ, ಹುಡುಗಿ ಮುಂದುವರಿಸಲಿ ಎಂದರು.

ಗೇಟಿನ ಹೊರಗೆ ಬಂದು ಅವ್ವನಿಗೆ ಫೋನ್ ಹಚ್ಚಿದಳು. “ಅವ್ವಾ, ಸೆಮಿನಾರ್...” ಅನ್ನುವಷ್ಟರಲ್ಲಿ ಬ್ಯಾಟರಿ ಸತ್ತಿತು. ಜೋಗೇಶ್ವರಿಯ ಬಸ್ಸು ಎದುರಿಗೇ ನಿಂತಿತ್ತು. ಯಾಕೋ ಅದನ್ನು ಬಿಟ್ಟು ಅಂಧೇರಿಯ ಬಸ್ಸು ಹತ್ತಿದಳು.

ಬ್ರಿಜ್ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ, ಕಟಕಟೆಗೆ ಬೆನ್ನು ಕೊಟ್ಟು ಹಾಲವ್ವ ನಿಂತಿದ್ದಳು.

“ಫೋನ್‌ನಾಗ ಏನರ ಕೇಳಿಸ್ತಾ ಅವ್ವಾ?”

“ಏನೂ ಇಲ್ಲ.”

“ಮತ್ತೆ ಇಲ್ಲಿ ಯಾಕೆ ನಿಂತೀ?”

“ಪಾಸಾದ್ರೂ ಬ್ರಿಜ್, ನಪಾಸಾದ್ರೂ ಬ್ರಿಜ್. ಅವತ್ತೇ ಅಂದಿಲ್ಲೇನ?” ಅಂದಳು ಹಾಲವ್ವ. “ಈಗ ಹೇಳು, ಏನಾತು?”