ಮುಕ್ಕಾಲು ಲೀಟರ್

ಮೊದಲು ಕಂಡದ್ದು ಸಾಕ್ಸಿನ ಗುರುತು.

ನಮ್ಮ ಯಜಮಾನರು ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಕ ಹಾಕುವ ಕೆಲಸದಲ್ಲಿದ್ದರು. ಮನೆಗೆ ಬಂದು ಶೂ ಕಳಚಿದಾಗ ಕಾಲಿನ ಸುತ್ತ ಎಲಾಸ್ಟಿಕ್ ಒತ್ತಿದ ಗೆರೆ ಇರುತ್ತಿತ್ತು. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಾಯವಾಗುತ್ತಿತ್ತು. ಆ ವಾರ ಮಾಯವಾಗಲಿಲ್ಲ. ಬೆರಳಿಂದ ಒತ್ತಿ ನೋಡಿದೆ. ನಾದಿಟ್ಟ ಚಪಾತಿ ಹಿಟ್ಟಿನಲ್ಲಿ ಉಳಿಯುವ ಹಾಗೆ ಗುಳಿ ಉಳಿಯಿತು.

"ನಿಂತೂ ನಿಂತೂ ಅಂಗಾಗದೆ ಬುಡು" ಎಂದರು.

ಎರಡೂ ಕಿಡ್ನಿ ಕೈಬಿಟ್ಟಿದ್ದವು.

ವಾರಕ್ಕೆ ಮೂರು ಸಲ ಮಂಡ್ಯದಲ್ಲಿ ಡಯಾಲಿಸಿಸ್. ಹೋದ ಕೂಡಲೇ ತೂಕ, ಮುಗಿದ ಮೇಲೆ ಮತ್ತೆ ತೂಕ. ಮೈಯಲ್ಲಿ ನಿಂತ ನೀರು ಎಷ್ಟು, ಮೆಷಿನ್ ತೆಗೆದದ್ದು ಎಷ್ಟು ಎಂದು ನೋಡಲು. ಇವರಿಗೆ ನಗು. "ತುಂಬಿದ್ ಗಾಡಿ ಎಪ್ಪತ್ತೊಂದು, ಖಾಲಿ ಗಾಡಿ ಅರವತ್ತೆಂಟೂವರೆ. ಸರ್ಯಾಗ್ ಬರ್ಕೊ ತಾಯಿ, ರೈತ ಜಗಳಕ್ ಬತ್ತಾನೆ" ಎಂದು ನರ್ಸಿಗೆ ಹೇಳುತ್ತಿದ್ದರು. ಆ ಹುಡುಗಿಯೂ ನಗುತ್ತಿದ್ದಳು. ನಾನು ಅವರ ತುಟಿ ನೋಡುತ್ತಿದ್ದೆ. ಒಣಗಿ ಸಿಪ್ಪೆ ಏಳುತ್ತಿತ್ತು.

"ನೀರು, ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ ದಿನಕ್ಕೆ ಮುಕ್ಕಾಲು ಲೀಟರ್ ಅಮ್ಮಾ. ಜಾಸ್ತಿಯಾದರೆ ಲಂಗ್ಸಿಗೆ ನೀರು ತುಂಬುತ್ತೆ" ಎಂದರು ಡಾಕ್ಟರು.

ಕಾನ್ವೆಂಟಿನಲ್ಲಿ ಓದಿದವಳು ನಾನು. ಮಾರ್ಜಿನ್ ಗೆರೆ ಸೊಟ್ಟಗಾದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಅಲ್ಲಿಂದ ಬಂದದ್ದು. ಒಂದು ಲೀಟರಿನ ಗಾಜಿನ ಬಾಟಲಿಗೆ ಮುಕ್ಕಾಲು ಭಾಗದಲ್ಲಿ ನೇಲ್ ಪಾಲಿಷ್‌ನಿಂದ ಕೆಂಪು ಗೆರೆ ಎಳೆದೆ. ಬೆಳಿಗ್ಗೆ ಗೆರೆಯವರೆಗೆ ನೀರು ತುಂಬಿ ಫ್ರಿಜ್ಜಿನಲ್ಲಿಡುವುದು. ಅವರು ಏನು ಕುಡಿದರೂ ಅಷ್ಟನ್ನು ಅದರಿಂದ ಕಡಿಮೆ ಮಾಡುವುದು. ಅರ್ಧ ಲೋಟ ಕಾಫಿ ಕೊಟ್ಟರೆ ಅರ್ಧ ಲೋಟ ನೀರು ತುಳಸಿ ಗಿಡಕ್ಕೆ ಹೋಗುತ್ತಿತ್ತು.

ಅತ್ತೆ ನಮ್ಮ ಜೊತೆಗೇ ಇದ್ದರು. ಬೂಕನಕೆರೆ ಕಡೆಯವರು. ಬೆಳಿಗ್ಗೆ ಪೂಜೆ ಮುಗಿಸಿ, ಮನೆಯಲ್ಲಿ ಎಲ್ಲರಿಗೂ ಮೂರು ಚಮಚ ತುಳಸಿ ತೀರ್ಥ ಕೊಡುವುದು ಅವರ ಪದ್ಧತಿ. ಮದುವೆಯಾಗಿ ಬಂದ ಹೊಸತರಲ್ಲಿ ಮೂರು ಸಲ ಯಾಕೆ ಎಂದು ಕೇಳಿದ್ದೆ. "ಮೊದಲ್ನೇದು ಮೈಗೆ, ಎರಡ್ನೇದು ನಡತೆಗೆ, ಮೂರ್ನೇದು ಓಗೋ ದಾರಿಗೆ" ಎಂದಿದ್ದರು. ಓದು ಬರದ ಅವರು ಎಲ್ಲಿ ಕೇಳಿಸಿಕೊಂಡಿದ್ದರೋ.

ಆ ಮೂರು ಚಮಚವನ್ನೂ ನಾನು ಬಾಟಲಿಯಿಂದ ತೆಗೆದು ಚೆಲ್ಲುತ್ತಿದ್ದೆ. ಒಂದು ದಿನ ಅತ್ತೆ ನೋಡಿಬಿಟ್ಟರು.

"ದೇವ್ರ ತೀರ್ಥಕ್ಕೂ ಅಳತೆ ಏನವ್ವ?"

"ಡಾಕ್ಟರು ಹೇಳಿದಾರೆ ಅತ್ತೆ."

"ಡಾಕ್ಟ್ರು ಯೋಳ್ತಾರೆ. ಕೇಳಿದೋರಿಗೆ ನೀರಿಲ್ಲ ಅನ್ನೋ ಮನೆಯಾಗೋಯ್ತಲ್ಲ ನಮ್ದು."

ಮಾರನೆಯ ದಿನದಿಂದ ಮಗನ ಕೈಗೆ ತೀರ್ಥ ಹಾಕುವುದನ್ನು ಬಿಟ್ಟರು. ತುಳಸಿ ಎಲೆಯೊಂದನ್ನು ತೀರ್ಥದಲ್ಲಿ ಅದ್ದಿ, ಕೊಡವಿ, ನಾಲಿಗೆಯ ಮೇಲಿಡುತ್ತಿದ್ದರು. ಕೊಡವುವಾಗ ನನ್ನ ಮುಖ ನೋಡುತ್ತಿದ್ದರು. ಎರಡು ವರ್ಷ ಹಾಗೇ ನಡೆಯಿತು. ನಾವಿಬ್ಬರೂ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ.

ಆ ಮಂಗಳವಾರ ಇಡ್ಲಿ ತಿಂದಾದ ಮೇಲೆ ಇವರು ಕೇಳಿದರು. "ಇನ್ನೊಂದ್ ಅರ್ಧ ಲೋಟ ನೀರ್ ಕೊಡೆ."

"ಸಂಜೆಗೆ ಇರಲಿ ರೀ."

ಲೋಟವನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿದರು. ಖಾಲಿ ಲೋಟ ಕಣ್ಣಿಗೆ ಬೀಳಬಾರದೆಂದು ಯಾವಾಗಲೂ ಹಾಗೆ ಮಾಡುತ್ತಿದ್ದರು.

ಹನ್ನೊಂದಕ್ಕೆ ಉಸಿರು ಸಿಕ್ಕಿಕೊಂಡಿತು. ಕಾರಿನಲ್ಲಿ ಮಂಡ್ಯ. ಐಸಿಯು. ನಾನು ಕೌಂಟರಿನಲ್ಲಿ ಫಾರ್ಮಿಗೆ ಸಹಿ ಹಾಕುತ್ತಿದ್ದೆ. ಹೋಗುವವರ ಬಾಯಿಗೆ ಮನೆಯವರು ನೀರು ಬಿಡಬೇಕು ಎನ್ನುತ್ತಾರೆ. ನಾನು ಒಳಗೆ ಹೋಗುವ ಹೊತ್ತಿಗೆ ಪರದೆ ಎಳೆದಿದ್ದರು.

"ನೀವು ಎಲ್ಲಾ ಸರಿಯಾಗೇ ನೋಡ್ಕೊಂಡ್ರಿ ಅಮ್ಮಾ. ಹಾರ್ಟ್ ತಡೀಲಿಲ್ಲ" ಎಂದರು ಡಾಕ್ಟರು.

ಮನೆಗೆ ಬಂದೆ. ಯಾರೋ ಹಾಲು ಬೇಕೆಂದು ಫ್ರಿಜ್ಜು ತೆಗೆದರು. ಬಾಟಲಿಯಲ್ಲಿ ಸಂಜೆಯ ನೀರು ಹಾಗೇ ಇತ್ತು.

ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಆ ದಿನಗಳಲ್ಲಿ ನನಗೆ ನೀರು ಇಳಿಯುತ್ತಿರಲಿಲ್ಲ. ಲೋಟ ಬಾಯಿಯ ಹತ್ತಿರ ಬಂದರೆ ಬೋರಲು ಹಾಕಿದ ಆ ಲೋಟ ಕಣ್ಣ ಮುಂದೆ ಬರುತ್ತಿತ್ತು. ಮಾತಾಡಿಸಲು ಬಂದ ಹಿರಿಯರೊಬ್ಬರು ಸಮಾಧಾನ ಹೇಳಿದರು. ಆತ್ಮಕ್ಕೆ ಸಾವಿಲ್ಲ, ಬೆಂಕಿ ಅದನ್ನು ಸುಡುವುದಿಲ್ಲ, ನೀರು ನೆನೆಸುವುದಿಲ್ಲ ಎಂದರು. ತಲೆಯಾಡಿಸಿದೆ. ಒಳಗೆ ಸಿಟ್ಟು ಬಂತು. ನೀರು ನೆನೆಸದ ಆತ್ಮಕ್ಕೆ ಬಾಯಾರಿಕೆಯೂ ಇರಲಾರದು. ಆದರೆ ನಾನು ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ್ದು ಆತ್ಮದ ಜೊತೆಯಲ್ಲ, ತುಟಿ ಒಣಗಿಸಿಕೊಂಡು ಅರ್ಧ ಲೋಟ ಕೇಳಿದ ಆ ಮನುಷ್ಯನ ಜೊತೆ. ಅವರಿಗೆ ನಾನು ಇಲ್ಲ ಎಂದಿದ್ದೆ.

ಅತ್ತೆಯೂ ಹಾಗೇ ಅಂದುಕೊಂಡಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿ ಕೂತು ಅತ್ತೆವು.

ಹನ್ನೊಂದನೆಯ ದಿನ ಶ್ರೀರಂಗಪಟ್ಟಣದ ಸಂಗಮಕ್ಕೆ ಹೋದೆವು. ನಮಗೆ ಮಕ್ಕಳಿಲ್ಲ. ಮೈದುನ ಮಹದೇವ ಕಾರ್ಯಕ್ಕೆ ಕೂತ. ನಾನು ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಯಾಕೆಂದು ನನಗೇ ಗೊತ್ತಿರಲಿಲ್ಲ.

ಎಳ್ಳು ನೀರು ಬಿಡುವ ಹೊತ್ತಾಯಿತು. ವಯಸ್ಸಾದ ಪುರೋಹಿತರು, ಸಾವಧಾನದ ಮನುಷ್ಯರು, ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಿದ್ದರು. "ಹೋದವರು ದಾರಿಯಲ್ಲಿರುತ್ತಾರೆ. ಅವರಿಗೆ ದಾಹ. ಅದಕ್ಕೇ ಈ ನೀರು."

ದಾಹ.

"ಎಷ್ಟು ಬಿಡಬಹುದು?" ಎಂದು ಕೇಳಿದೆ. ಎಲ್ಲರೂ ತಿರುಗಿ ನೋಡಿದರು.

"ಮೂರು ಬೊಗಸೆ ಶಾಸ್ತ್ರ ಕಣಮ್ಮಾ. ಆಮೇಲೆ ನಿಮ್ಮ ಮನಸ್ಸು. ಕಾವೇರಿಯನ್ನ ಅಳೆದೋರು ಯಾರಿದಾರೆ?"

"ಡ್ಯಾಮಲ್ಲಿ ದಿನಾ ಅಳೀತಾವ್ರಲ್ಲ ಸ್ವಾಮಿ" ಎಂದ ಮಹದೇವ, ಅಳುತ್ತಲೇ. ಪುರೋಹಿತರು ನಕ್ಕುಬಿಟ್ಟರು. ಇವರಿದ್ದಿದ್ದರೆ ಇದೇ ಮಾತು ಹೇಳುತ್ತಿದ್ದರು.

ಆಗ ಅತ್ತೆ ಎದ್ದು ಬಂದರು. ನೆಟ್ಟಗೆ ನನ್ನ ಬ್ಯಾಗಿಗೆ ಕೈಹಾಕಿ, ಟವೆಲ್ಲು ಬಿಚ್ಚಿ, ಬಾಟಲಿ ಹೊರಗೆ ತೆಗೆದರು. ನಾನು ಸುತ್ತಿಡುವುದನ್ನು ನೋಡಿದ್ದರೆಂದು ಕಾಣುತ್ತದೆ.

"ಇವಳ್ ಕೈಲಿ ಬುಡಿಸಿ ಸ್ವಾಮಿ" ಎಂದರು. "ಎರಡ್ ವರ್ಸ ಅವನಿಗೆ ನೀರ್ ಕೊಟ್ಟೋಳು ಇವಳೇಯ."

ನಾನು ಅಲ್ಲಿಯೇ ಕೂತುಬಿಟ್ಟೆ.

"ನಾನು ಕೊಡಲಿಲ್ಲ ಅತ್ತೆ. ಅವತ್ತು ಕೇಳಿದ್ರು, ಕೊಡಲಿಲ್ಲ."

"ನಂಗೊತ್ತು. ನಾನೂ ಅಲ್ಲೇ ಇದ್ನಲ್ಲ, ಒಳಗ್ಲಿಂದ ಕೇಳಿಸ್ಕಂಡೆ. ನಾನಾರ ತಂದ್ಕೊಟ್ನಾ? ಸಂಜೆಗಂತ ಮಡಗಿದ್ದೆ ನೀನು. ಸಂಜೆಗೂ ಇರ್ತಾನೆ ಅಂತ ತಾನೆ ಮಡಗಿದ್ದು. ಏಳು."

ಪುರೋಹಿತರು ಅಡ್ಡಿ ಹೇಳಲಿಲ್ಲ. ಮಂತ್ರ ಅವರು ಹೇಳಿದರು. ಮೊಣಕಾಲುದ್ದದ ನೀರಿನಲ್ಲಿ ನಿಂತು ಬೊಗಸೆಯೊಡ್ಡಿದೆ. ಪಕ್ಕದಲ್ಲಿ ನಿಂತು ಅತ್ತೆ ಬಾಟಲಿಯಿಂದ ಸುರಿದರು. ಮೊದಲನೆಯದು ಮೈಗೆ ಎಂದಿದ್ದರಲ್ಲ, ಅದು ನೆನಪಾಯಿತು. ಇಷ್ಟು ವರ್ಷ ಕೈಯೊಡ್ಡಿ ಕುಡಿದಿದ್ದರೂ ಆ ಮಾತು ನನ್ನೊಳಗೆ ಇಳಿದಿರಲಿಲ್ಲ. ಮೈಯನ್ನು ಯಾರೂ ಮರೆತಿಲ್ಲ. ದಾರಿಗಿಂತ ಮೊದಲು ಮೈಯ ಪಾಲು. ಸಿಪ್ಪೆ ಎದ್ದ ತುಟಿಗೆ, ಒಣಗಿದ ನಾಲಿಗೆಗೆ ಎಂದುಕೊಂಡು ಬೆರಳ ಸಂದಿನಿಂದ ಬಿಟ್ಟೆ.

ಮೂರು ಬೊಗಸೆಗೆ ಬಾಟಲಿ ಖಾಲಿಯಾಯಿತು. ಆಮೇಲೆ ನದಿಯಿಂದಲೇ ಮೊಗೆದು ಬಿಟ್ಟೆ. ಎಷ್ಟು ಸಲವೋ ಗೊತ್ತಿಲ್ಲ. ಸಾಕು ಎಂದು ಯಾರೂ ಹೇಳಲಿಲ್ಲ.

ಇದಾಗಿ ನಾಲ್ಕು ತಿಂಗಳು. ಶಾಂತಿ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಂಗಳವಾರ ಬೆಳಿಗ್ಗೆ ಇಡ್ಲಿ ಮಾಡಲು ಇನ್ನೂ ಆಗುವುದಿಲ್ಲ. ಅವತ್ತು ಆ ಅರ್ಧ ಲೋಟ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಬರುತ್ತದೆ, ಸ್ವಲ್ಪ ಹೊತ್ತು ಕೂರುತ್ತದೆ, ಎದ್ದು ಹೋಗುತ್ತದೆ. ಮೊದಲು ಎದ್ದು ಹೋಗುತ್ತಿರಲಿಲ್ಲ.

ಬೆಳಿಗ್ಗೆ ಪೂಜೆಯಾದ ಮೇಲೆ ಅತ್ತೆ ಕರೆಯುತ್ತಾರೆ. ಮನೆಯಲ್ಲಿ ಈಗ ನಾವಿಬ್ಬರೇ. ಕೈಯೊಡ್ಡುತ್ತೇನೆ. ಮೂರು ಚಮಚ ಹಾಕಿ, ಆಮೇಲೆ ಇನ್ನೊಂದು ಹಾಕುತ್ತಾರೆ.

"ಇದು ಯಾವುದಕ್ಕೆ ಅತ್ತೆ?" ಎಂದು ಒಮ್ಮೆ ಕೇಳಿದೆ.

"ಬಾಯಾರಿಕೆಗೆ. ಕುಡಿ."

ಕುಡಿಯುತ್ತೇನೆ.